ಹಳೆಯ ಆಲ್ಬಮ್‌ಗಳಿಗೆ ಹೊಸ ಮಾಸ್ಟರ್: ಕೇಳುಗರು ಬೇಡುತ್ತಿರುವುದೇನು?

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಭಾವಗೀತೆಗಳ ಒಂದು ಧ್ವನಿಸುರುಳಿ ಇತ್ತು. ಸಂಜೆ ಅಕ್ಕ ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿಕೊಂಡು, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಹಾಡಿನ ಶ್ರುತಿ ಹುಡುಕುತ್ತಿದ್ದಳು. ಬಿಳಿ ಮನೆ ಒತ್ತಿದರೆ ಹಾಡು ತುಸು ಮೇಲಿದೆ ಅನ್ನಿಸುತ್ತಿತ್ತು, ಪಕ್ಕದ ಕಪ್ಪು ಮನೆ ಒತ್ತಿದರೆ ತುಸು ಕೆಳಗಿದೆ ಅನ್ನಿಸುತ್ತಿತ್ತು. ವಾರಗಟ್ಟಲೆ ಒದ್ದಾಡಿ ತನ್ನ ಕಿವಿಯೇ ಸರಿಯಿಲ್ಲವೆಂದು ಅವಳು ತೀರ್ಮಾನಿಸಿದ್ದಳು. ಒಂದು ದಿನ ಸಂಗೀತದ ಮೇಷ್ಟ್ರು ಕೂತು ಕೇಳಿ, "ಕಿವಿ ಸರಿಯಾಗೇ ಇದೆ ಕಣಮ್ಮ, ಕ್ಯಾಸೆಟ್ಟು ಓಡ್ತಿದೆ" ಅಂದರು. ಗೆಳತಿಯ ಮನೆಯಲ್ಲಿದ್ದ ಅದೇ ಹಾಡಿನ ಇನ್ನೊಂದು ಪ್ರತಿ ಕರಾರುವಾಕ್ಕಾಗಿ ಬಿಳಿ ಮನೆಗೇ ಕೂತಿತು.

ಈ ಪ್ರಸಂಗ ಮತ್ತೆ ನೆನಪಾದದ್ದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಕತೆ ಓದಿದಾಗ. ಜಾಝ್ ಕೇಳುವವರ ಮನೆಯಲ್ಲಿ ಬೇರೆ ಯಾವುದು ಇಲ್ಲದಿದ್ದರೂ ಇದೊಂದು ಇರುತ್ತದೆ. 1959ರ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಹಿಂದೆ ಚರ್ಚ್ ಆಗಿದ್ದ ಕಟ್ಟಡದೊಳಗಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಇದರ ಮೊದಲ ಮೂರು ರಚನೆಗಳು ಮುದ್ರಣವಾದವು. ಅಂದು ಮುಖ್ಯ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡುತ್ತಿತ್ತು. ಯಾರೂ ಗಮನಿಸಲಿಲ್ಲ. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ತುಸು ಅವಸರವಾಗುತ್ತದೆ, ಶ್ರುತಿ ಏರುತ್ತದೆ. ಏಪ್ರಿಲ್ 22ರಂದು ಉಳಿದ ಎರಡು ರಚನೆಗಳನ್ನು ಮುದ್ರಿಸುವ ಹೊತ್ತಿಗೆ ವೇಗ ಸರಿಯಿತ್ತು. ಹೀಗಾಗಿ ಎಲ್‌ಪಿಯ ಮೊದಲ ಬದಿ ಒಂದು ಶ್ರುತಿಯಲ್ಲಿ, ಎರಡನೆಯ ಬದಿ ಸರಿಯಾದ ಶ್ರುತಿಯಲ್ಲಿ ಜಗತ್ತಿಗೆಲ್ಲ ಹಂಚಿಹೋಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಜನ ಅದನ್ನೇ ಕೇಳಿದರು, ಅದರ ಜೊತೆ ನುಡಿಸಿ ಅಭ್ಯಾಸ ಮಾಡಿದರು. ತಮ್ಮ ವಾದ್ಯ ಮತ್ತು ಆ ರೆಕಾರ್ಡು ಒಂದಕ್ಕೊಂದು ಕೂಡದೆ ಎಷ್ಟು ಮಂದಿ ನಮ್ಮ ಅಕ್ಕನಂತೆ ತಮ್ಮನ್ನೇ ಹಳಿದುಕೊಂಡರೋ!

ತಪ್ಪು ಸರಿಹೋದದ್ದು 1990ರ ದಶಕದಲ್ಲಿ. ಅಂದಿನ ಮುದ್ರಣದಲ್ಲಿ ಮುನ್ನೆಚ್ಚರಿಕೆಗೆಂದು ಎರಡನೆಯ ಯಂತ್ರವನ್ನೂ ಓಡಿಸಿದ್ದರು. ಅದರ ವೇಗ ಸರಿಯಾಗಿತ್ತು. ಆ ಟೇಪು ಉಳಿದಿತ್ತು. ಅದರಿಂದಲೇ ಹೊಸ ಮಾಸ್ಟರ್ ತಯಾರಿಸಿದರು.

ರೀಮಾಸ್ಟರಿಂಗ್ ಎಂಬ ಮಾತಿಗೆ ನನಗೆ ಗೊತ್ತಿರುವ ಅತ್ಯಂತ ಶುದ್ಧ ಉದಾಹರಣೆ ಇದು. ಕಲಾವಿದ ನುಡಿಸಿದ್ದೊಂದು, ಯಂತ್ರ ಹಿಡಿದದ್ದೊಂದು, ಅಂಗಡಿಗೆ ಬಂದದ್ದು ಮತ್ತೊಂದು. ಆ ಅಂತರವನ್ನು ಅಳಿಸಿದರು, ಅಷ್ಟೇ. ಆದರೆ ಜಗತ್ತಿನ ಸಂಗೀತಪ್ರಿಯರು ಇವತ್ತು "ಈ ಆಲ್ಬಮ್ಮನ್ನು ರೀಮಾಸ್ಟರ್ ಮಾಡಿ" ಎಂದು ಸಹಿ ಸಂಗ್ರಹಿಸಿ ಕೇಳುತ್ತಿರುವ ಪಟ್ಟಿಯನ್ನು ನೋಡಿದರೆ, ಅದರಲ್ಲಿ ಬಹುಪಾಲು ಬೇರೆಯದೇ ಬೇಡಿಕೆಗಳು. ಒಂದೇ ಶಬ್ದದಡಿ ನಾಲ್ಕಾರು ಕಾಯಿಲೆಗಳು ಸೇರಿಕೊಂಡಿವೆ. ಕಾಯಿಲೆ ತಿಳಿಯದೆ ಮದ್ದು ಬೇಡುವುದರಿಂದಲೇ ಎಷ್ಟೋ ಹೊಸ ಮುದ್ರಣಗಳು ಕೇಳುಗರನ್ನು ನಿರಾಶೆಗೊಳಿಸಿವೆ ಎಂಬುದು ನನ್ನ ಅಭಿಪ್ರಾಯ.

ಒಂದು ಆಲ್ಬಮ್ ತಯಾರಾಗುವ ಬಗೆಯನ್ನು ಇಲ್ಲಿ ಚುಟುಕಾಗಿ ಹೇಳಬೇಕು. ಮೊದಲು ಒಂದೊಂದು ವಾದ್ಯ, ಒಂದೊಂದು ದನಿ ಬೇರೆ ಬೇರೆ ಟ್ರ್ಯಾಕುಗಳಲ್ಲಿ ದಾಖಲಾಗುತ್ತದೆ. ಬಳಿಕ ಅವನ್ನೆಲ್ಲ ಹದವಾಗಿ ಕೂಡಿಸಿ ಎಡ ಬಲ ಎಂಬ ಎರಡು ವಾಹಿನಿಗೆ ಇಳಿಸುತ್ತಾರೆ. ಅದು ಮಿಕ್ಸಿಂಗ್. ಕೊನೆಗೆ ಆ ಎರಡು ವಾಹಿನಿಯ ಟೇಪನ್ನು ಎಲ್‌ಪಿಗೋ ಕ್ಯಾಸೆಟ್ಟಿಗೋ ಸಿಡಿಗೋ ಹೊಂದುವಂತೆ, ಹಾಡಿನಿಂದ ಹಾಡಿಗೆ ಮಟ್ಟ ಸರಿದೂಗುವಂತೆ ಅಣಿ ಮಾಡುತ್ತಾರೆ. ಅದು ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಈ ಕೊನೆಯ ಹಂತವನ್ನು ಮಾತ್ರ ಮತ್ತೆ ಮಾಡುವುದು. ಮಸುಕಾದುದನ್ನು ತುಸು ತಿಳಿಯಾಗಿಸಬಹುದು, ಮಂದ್ರವನ್ನು ತುಸು ಹೆಚ್ಚಿಸಬಹುದು, ಟೇಪಿನ ಸದ್ದನ್ನು ತಗ್ಗಿಸಬಹುದು. ಆದರೆ ಕುದ್ದ ಸಾರಿನಿಂದ ಉಪ್ಪನ್ನು ಹೊರತೆಗೆಯಲು ಬಾರದು. ಅದಕ್ಕೆ ಮತ್ತೆ ಒಲೆ ಹಚ್ಚಬೇಕು, ಅಂದರೆ ಮೂಲ ಟ್ರ್ಯಾಕುಗಳಿಗೆ ಮರಳಿ ರೀಮಿಕ್ಸ್ ಮಾಡಬೇಕು.

ಈ ವ್ಯತ್ಯಾಸ ಅತ್ಯಂತ ನೋವಿನಿಂದ ಎದ್ದು ಕಾಣುವುದು ಮೆಟಾಲಿಕಾ ತಂಡದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. ಇದು ತಂಡದೊಂದಿಗೆ ಅವನ ಮೊದಲ ಪೂರ್ಣ ಆಲ್ಬಮ್. ಅದರಲ್ಲಿ ಅವನ ಬೇಸ್ ಬಹುತೇಕ ಕೇಳಿಸುವುದೇ ಇಲ್ಲ. ಮಿಕ್ಸ್ ಮಾಡಿದವರಲ್ಲಿ ಒಬ್ಬನಾದ ಸ್ಟೀವ್ ಥಾಂಪ್ಸನ್, ಬೇಸನ್ನು ತಗ್ಗಿಸಲು ಹೇಳಿದ್ದು ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಎಂದು ಮುಂದೆ ಸಂದರ್ಶನಗಳಲ್ಲಿ ತಿಳಿಸಿದ್ದಾನೆ. ಮೂವತ್ತು ವರ್ಷ ಕೇಳುಗರು ಆ ಬೇಸ್ ಮರಳಿ ಬರಲೆಂದು ಕಾದರು. 2018ರಲ್ಲಿ ದೊಡ್ಡ ಪೆಟ್ಟಿಗೆಯ ಹೊಸ ಆವೃತ್ತಿ ಬಂತು. ಧ್ವನಿ ಇನ್ನಷ್ಟು ಶುಭ್ರವಾಗಿತ್ತು, ಬೇಸ್ ಮಾತ್ರ ಇದ್ದಲ್ಲೇ ಇತ್ತು. ಅದು ರೀಮಾಸ್ಟರ್, ರೀಮಿಕ್ಸ್ ಅಲ್ಲ. ಹಳೆಯ ಆಲ್ಬಮ್ಮು ಅದು ಹುಟ್ಟಿದ ಕಾಲದ ದಾಖಲೆ, ಅದನ್ನು ತಿದ್ದಬಾರದು ಎಂಬ ನಿಲುವು ತಂಡದ್ದು.

ಆ ನಿಲುವಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಇಲ್ಲಿ ಕೇಳಿಸದೆ ಹೋದದ್ದು ಒಬ್ಬ ಕಲಾವಿದನ ಇಡೀ ದುಡಿಮೆ. ಹಳೆಯದನ್ನು ಹಾಗೇ ಇಟ್ಟು ಅದರ ಪಕ್ಕದಲ್ಲಿ ಬೇಸ್ ಕೇಳಿಸುವ ಇನ್ನೊಂದು ಮಿಕ್ಸ್ ಕೊಟ್ಟಿದ್ದರೆ ಯಾವ ಚರಿತ್ರೆಗೂ ಭಂಗ ಬರುತ್ತಿರಲಿಲ್ಲ. ಈ ಪಟ್ಟಿಯಲ್ಲಿ ನನ್ನ ಸಹಿ ಯಾವುದಕ್ಕಾದರೂ ಇದ್ದರೆ ಅದು ಮೊದಲು ಇದಕ್ಕೆ.

ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಿನ್ನಿಯಾಪೊಲಿಸ್‌ನ ರೀಪ್ಲೇಸ್‌ಮೆಂಟ್ಸ್ ತಂಡದ 'ಟಿಮ್' ಸಾಕ್ಷಿ. 1985ರಲ್ಲಿ ಬಂದ ಈ ಆಲ್ಬಮ್ಮಿನ ಹಾಡುಗಳು ಅಪ್ಪಟ ಚಿನ್ನ. ಆದರೆ ಧ್ವನಿ ಮಾತ್ರ ತಗಡಿನಂತೆ ತೆಳ್ಳಗೆ, ಪಕ್ಕದ ಕೋಣೆಯಲ್ಲಿ ಯಾರೋ ನುಡಿಸುತ್ತಿರುವಂತೆ ದೂರ. ಡ್ರಮ್ಮಿಗೆ ಮೈಯೇ ಇಲ್ಲ. ಅಭಿಮಾನಿಗಳು ಇದನ್ನು ಸುಮಾರು ನಾಲ್ಕು ದಶಕ ಹೇಳುತ್ತಲೇ ಬಂದರು. 2023ರಲ್ಲಿ ಎಡ್ ಸ್ಟೇಸಿಯಮ್ ಮೂಲ ಟ್ರ್ಯಾಕುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ. ಹೊಸ ವಾದ್ಯ ಸೇರಿಸಲಿಲ್ಲ, ಹೊಸ ದನಿ ಸೇರಿಸಲಿಲ್ಲ. ನಾಲ್ವರು ಹುಡುಗರು ಒಂದೇ ಕೋಣೆಯಲ್ಲಿ ನಿಂತು ನುಡಿಸಿದ್ದು ಮೊದಲ ಬಾರಿಗೆ ಅದೇ ಕೋಣೆಯಲ್ಲಿ ನಾವೂ ಇದ್ದಂತೆ ಕೇಳಿಸಿತು. ಹಳೆಯ ಮಿಕ್ಸನ್ನೂ ಶುಭ್ರಗೊಳಿಸಿ ಅದೇ ಪೆಟ್ಟಿಗೆಯಲ್ಲಿಟ್ಟರು. ಎರಡನ್ನೂ ಒಂದಾದ ಮೇಲೊಂದು ಕೇಳಿದಾಗ ನನಗಾದ ಸಂತೋಷ ಮರೆಯುವಂಥದ್ದಲ್ಲ.

ಇಂಗ್ಲೆಂಡಿನ ಸ್ಟೀವನ್ ವಿಲ್ಸನ್ 2009ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಆಲ್ಬಮ್‌ಗಳಿಂದ ಶುರುಮಾಡಿ ಇದೇ ಹಾದಿಯಲ್ಲಿ ದುಡಿಯುತ್ತ ಬಂದಿದ್ದಾನೆ. ಜೆತ್ರೋ ಟಲ್ ತಂಡದ 1971ರ 'ಆಕ್ವಾಲಂಗ್'ನ ಮಬ್ಬು ಧ್ವನಿಯ ಬಗ್ಗೆ ದೂರು ಬಹಳ ಹಳೆಯದು. ಆಗಷ್ಟೇ ಸಿದ್ಧವಾಗಿದ್ದ ಹೊಸ ಸ್ಟುಡಿಯೋದಲ್ಲಿ ಅದು ಮುದ್ರಣವಾಗಿತ್ತು. ವಿಲ್ಸನ್ 2011ರಲ್ಲಿ ಅದರ ಮುಸುಕನ್ನು ತೆಗೆದ. ಅವನ ಕೆಲಸದಲ್ಲಿ ನಾನು ಮೆಚ್ಚುವುದು ಸಂಯಮವನ್ನು. ಮೂಲ ಮಿಕ್ಸನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ವಾದ್ಯದ ಜಾಗ ಮತ್ತು ಹದವನ್ನು ಅದರಂತೆಯೇ ಕಾಯ್ದುಕೊಂಡು, ಬಳಿಕ ಕೊಳೆ ತೆಗೆಯುತ್ತಾನೆ.

ಸಂಯಮ ಇಲ್ಲದಿದ್ದರೆ ಏನಾಗುತ್ತದೆ? ಸ್ಟೂಜಸ್ ತಂಡದ 1973ರ 'ರಾ ಪವರ್' ನೋಡಿ. ಮೊದಲ ಮಿಕ್ಸನ್ನು ಡೇವಿಡ್ ಬೋವಿ ತೀರ ಕಡಿಮೆ ಸಮಯದಲ್ಲಿ ಮುಗಿಸಿದ್ದ. ಅದು ಬಡಕಲಾಗಿದೆ ಎಂಬ ಗೊಣಗಾಟ ಇಪ್ಪತ್ತು ವರ್ಷ ನಡೆಯಿತು. 1997ರಲ್ಲಿ ತಂಡದ ಗಾಯಕ ಇಗ್ಗಿ ಪಾಪ್ ತಾನೇ ಕೂತು ರೀಮಿಕ್ಸ್ ಮಾಡಿದ. ಎಲ್ಲವನ್ನೂ ಎಷ್ಟು ಎತ್ತರಿಸಿದನೆಂದರೆ ಇಡೀ ಆಲ್ಬಮ್ ಮೊದಲಿನಿಂದ ಕೊನೆಯವರೆಗೆ ಒಡೆದ ಸದ್ದಾಗಿ ಮೊಳಗಿತು. ಆಗ ಬೋವಿಯ ಮಿಕ್ಸಿನ ಬೆಲೆ ಕೇಳುಗರಿಗೆ ಗೊತ್ತಾಯಿತು. 2010ರ ಆವೃತ್ತಿಯಲ್ಲಿ ಅದನ್ನೇ ಮತ್ತೆ ತರಬೇಕಾಯಿತು.

'ಎತ್ತರಿಸುವುದು' ಎಂಬ ಈ ಕಾಯಿಲೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೇಡಿಕೆಯ ಪಟ್ಟಿಯಲ್ಲಿ ಅತಿ ಹೆಚ್ಚು ಹೆಸರುಗಳು ಬರುವುದು ಇದರಿಂದಲೇ. ಸಂಗೀತದ ಜೀವ ಏರಿಳಿತದಲ್ಲಿದೆ. ಮೆಲ್ಲನೆ ಹಾಡಿದ ಸಾಲು ಇದ್ದುದರಿಂದಲೇ ಮುಂದಿನ ಸಾಲಿನ ಎತ್ತರ ಎದೆಗೆ ತಟ್ಟುತ್ತದೆ. ಸಿಡಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಿ ಧ್ವನಿ ಹೋಗಲಾರದು. ಹಾಗಾದರೆ ಪಕ್ಕದ ಕಂಪನಿಯ ಹಾಡಿಗಿಂತ ನಮ್ಮ ಹಾಡು ಜೋರಾಗಿ ಕೇಳುವಂತೆ ಮಾಡುವುದು ಹೇಗೆ? ಮೆಲ್ಲನೆಯ ಭಾಗಗಳನ್ನೆಲ್ಲ ಮೇಲೆತ್ತಿ, ಎತ್ತರದ ತುದಿಗಳನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ಒತ್ತುವುದು. 1990ರ ದಶಕದಲ್ಲಿ ಡಿಜಿಟಲ್ ಸಲಕರಣೆಗಳು ಈ ಕೆಲಸವನ್ನು ಸಲೀಸು ಮಾಡಿದವು. ಕಂಪನಿಗಳು ಪೈಪೋಟಿಗೆ ಬಿದ್ದವು. ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ 1999ರ 'ಕ್ಯಾಲಿಫೋರ್ನಿಕೇಶನ್' ಆ ಪೈಪೋಟಿಯ ಹೆಸರಾಂತ ಬಲಿ. ಅದನ್ನು ಮತ್ತೆ ಮಾಸ್ಟರ್ ಮಾಡಬೇಕೆಂದು ಸಾವಿರಾರು ಮಂದಿ ಸಹಿ ಹಾಕಿದರು.

ನನ್ನನ್ನು ಹೆಚ್ಚು ಕಾಡಿದ್ದು ಕೆನಡಾದ ರಶ್ ತಂಡದ 'ವೇಪರ್ ಟ್ರೇಲ್ಸ್'. ಡ್ರಮ್ ವಾದಕ ನೀಲ್ ಪಿಯರ್ಟ್ 1997ರಲ್ಲಿ ಮಗಳನ್ನು, ಮರುವರ್ಷ ಹೆಂಡತಿಯನ್ನು ಕಳೆದುಕೊಂಡ. ವಾದ್ಯ ಮುಟ್ಟದೆ ತಿಂಗಳುಗಟ್ಟಲೆ ಮೋಟರ್‌ಸೈಕಲ್ಲಿನಲ್ಲಿ ಅಲೆದ. ತಂಡ ಮುಗಿದೇಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದಾಗ 2002ರಲ್ಲಿ ಈ ಆಲ್ಬಮ್ ಬಂತು. ಅಂಥ ದುಃಖದಿಂದ ಎದ್ದುಬಂದ ಮನುಷ್ಯನ ನುಡಿಸಾಣಿಕೆಯನ್ನು ಕೇಳಲು ಕೂತವರಿಗೆ ಸಿಕ್ಕಿದ್ದು ಕರಕರ ಎನ್ನುವ ಸದ್ದಿನ ಗೋಡೆ. ತಂಡದವರೇ ಅದನ್ನು ಒಪ್ಪಿಕೊಂಡರು. 2009ರಲ್ಲಿ ಒಂದು ಸಂಕಲನಕ್ಕಾಗಿ ಎರಡು ಹಾಡುಗಳನ್ನು ರೀಮಿಕ್ಸ್ ಮಾಡಿ ನೋಡಿದರು. ಅದು ಒಪ್ಪಿಗೆಯಾದ ಮೇಲೆ 2013ರಲ್ಲಿ ಡೇವಿಡ್ ಬಾಟ್ರಿಲ್ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದ. ಹನ್ನೊಂದು ವರ್ಷದ ಬಳಿಕ ಪಿಯರ್ಟ್‌ನ ಡ್ರಮ್ಮು ಉಸಿರಾಡಿತು.

ಮತ್ತೆ ಮೆಟಾಲಿಕಾ. 2008ರ 'ಡೆತ್ ಮ್ಯಾಗ್ನೆಟಿಕ್' ಬಿಡುಗಡೆಯಾದಾಗ ಇವೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಆಟದಲ್ಲೂ ಬಂದವು. ಆಟಕ್ಕೆ ಬೇಕಾಗಿ ತಂಡ ಬಿಡಿ ಟ್ರ್ಯಾಕುಗಳನ್ನು ಕೊಟ್ಟಿತ್ತು. ಆದ್ದರಿಂದ ಆಟದೊಳಗಿನ ಹಾಡಿಗೆ ಆ ಒತ್ತಡದ ಏಟು ಬಿದ್ದಿರಲಿಲ್ಲ. ಅಭಿಮಾನಿಗಳು ಎರಡನ್ನೂ ಹೋಲಿಸಿದರು. ಸಿಡಿಯ ಅಲೆರೇಖೆ ಇಟ್ಟಿಗೆಯಂತೆ ಚಪ್ಪಟೆ, ಆಟದ ಹಾಡಿನದು ಬೆಟ್ಟಸಾಲಿನಂತೆ ಏರಿಳಿತ. ಹತ್ತು ಸಾವಿರಕ್ಕೂ ಹೆಚ್ಚು ಜನ ಮರುಮುದ್ರಣಕ್ಕೆ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮೊದಲೇ ಮಿಕ್ಸು ಒತ್ತಿ ಚಪ್ಪಟೆಯಾಗಿತ್ತೆಂದು ಒಬ್ಬ ಅಭಿಮಾನಿಗೆ ಬರೆದ ಉತ್ತರ ಬಹಿರಂಗವಾಯಿತು. ಈ ಉತ್ತರವೇ ಇಡೀ ಚರ್ಚೆಯ ಕೀಲಿ. ರೀಮಾಸ್ಟರ್ ಕೇಳುತ್ತಿದ್ದ ಸಾವಿರಾರು ಜನರಿಗೆ ಬೇಕಾದದ್ದು ರೀಮಾಸ್ಟರಿನಿಂದ ಸಿಗುವಂತಿರಲಿಲ್ಲ. ಕತ್ತರಿಸಿದ ತುದಿ ಮತ್ತೆ ಚಿಗುರುವುದಿಲ್ಲ.

ಅದೇ ವರ್ಷ ಇನ್ನೊಂದು ಉದಾಹರಣೆಯೂ ಇದೆ. ಗನ್ಸ್ ಎನ್ ರೋಸಸ್ ತಂಡದ 'ಚೈನೀಸ್ ಡೆಮಾಕ್ರಸಿ'ಗೆ ಬಾಬ್ ಲಡ್ವಿಗ್ ಮೂರು ಬಗೆಯ ಮಾಸ್ಟರ್ ಮಾಡಿ ಮುಂದಿಟ್ಟ. ತಂಡ ಆರಿಸಿಕೊಂಡದ್ದು ಏರಿಳಿತ ಹೆಚ್ಚಿದ್ದ, ಸದ್ದು ಕಡಿಮೆಯಿದ್ದ ಆವೃತ್ತಿಯನ್ನು. ಮನಸ್ಸಿದ್ದರೆ ಆಗ ಸಾಧ್ಯವಿತ್ತು ಎಂಬುದಕ್ಕೆ ಇಷ್ಟು ಸಾಕು.

ಈ ಪೈಪೋಟಿಗೆ ಈಗ ಅರ್ಥವೂ ಉಳಿದಿಲ್ಲ. ಧ್ವನಿಯ ಪ್ರಬಲತೆಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂತು. ಸ್ಪಾಟಿಫೈ ಮುಂತಾದ ಸೇವೆಗಳು ಎಲ್ಲ ಹಾಡುಗಳನ್ನೂ ಸರಿಸುಮಾರು ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಜೋರಾಗಿ ಒತ್ತಿದ ಹಾಡನ್ನು ಅವು ತಾವಾಗಿ ತಗ್ಗಿಸುತ್ತವೆ. ಆಗ ಉಳಿಯುವುದು ಜೀವ ಹಿಂಡಿದ, ಜೋರೂ ಇಲ್ಲದ ಹಾಡು. ಆದ್ದರಿಂದ ಸುಮಾರು 1995ರಿಂದ 2010ರವರೆಗೆ ಬಂದ ಬಹಳಷ್ಟು ಆಲ್ಬಮ್‌ಗಳಿಗೆ ಇನ್ನೊಂದು ಮಾಸ್ಟರ್ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಇನ್ನೊಂದು ಮಾತು. ಆ ಅವಧಿಯಲ್ಲಿ 'ರೀಮಾಸ್ಟರ್ಡ್' ಎಂಬ ಚೀಟಿ ಅಂಟಿಸಿಕೊಂಡು ಬಂದ ಹಳೆಯ ಆಲ್ಬಮ್‌ಗಳಲ್ಲೂ ಹಲವಕ್ಕೆ ಇದೇ ಗತಿಯಾಯಿತು. ಹಾಗಾಗಿಯೇ ಎಷ್ಟೋ ಸಂಗ್ರಾಹಕರು ಇಂದಿಗೂ 1980ರ ದಶಕದ ಮೊದಲ ಸಿಡಿಗಳನ್ನು ಹುಡುಕಿಕೊಂಡು ಹಳೆ ಅಂಗಡಿಗಳಿಗೆ ಅಲೆಯುತ್ತಾರೆ. ರೀಮಾಸ್ಟರಿನಿಂದಾದ ಗಾಯಕ್ಕೆ ರೀಮಾಸ್ಟರ್ ಬೇಡುವ ಪರಿಸ್ಥಿತಿ ಇದು.

ಕೆಲವು ದೋಷಗಳು ಕೇಳಿದರೆ ನಂಬಲಾಗದಷ್ಟು ಸಣ್ಣವು. ಎಕ್ಸ್‌ಟಿಸಿ ತಂಡದ 1986ರ 'ಸ್ಕೈಲಾರ್ಕಿಂಗ್' ಆಲ್ಬಮ್ಮಿನ ಧ್ವನಿ ಯಾಕೋ ತೆಳುವಾಗಿದೆ ಎಂಬುದು ಹಾಡು ಬರೆದವರಿಗೇ ಇದ್ದ ಕೊರಗು. ಮಾಸ್ಟರಿಂಗ್ ತಜ್ಞ ಜಾನ್ ಡೆಂಟ್ ಬಹಳ ವರ್ಷಗಳ ಬಳಿಕ ಪರೀಕ್ಷಿಸಿ, ಎಲ್ಲೋ ಒಂದು ಕಡೆ ತಂತಿಯ ಧನ ಋಣ ಅದಲುಬದಲಾಗಿ ಜೋಡಿಸಿಕೊಂಡಿದ್ದರಿಂದ ಇಡೀ ಆಲ್ಬಮ್ ತಲೆಕೆಳಗಾಗಿ ಮುದ್ರಣವಾಗಿದೆ ಎಂದು ಕಂಡುಹಿಡಿದ. 2010ರಲ್ಲಿ ಅದನ್ನು ತಿರುಗಿಸಿ ಹೊರತಂದಾಗ ಮಂದ್ರ ಮರಳಿ ಬಂತು.

ಬೀಟಲ್ಸ್ ವಿಷಯಕ್ಕೆ ಬಂದರೆ ಹಣಕ್ಕೂ ತಾಳ್ಮೆಗೂ ಕೊರತೆಯಿಲ್ಲ. 1987ರ ಸಿಡಿಗಳು ಇಪ್ಪತ್ತೆರಡು ವರ್ಷ ಹಾಗೇ ಇದ್ದವು. ಅಬ್ಬೇ ರೋಡ್ ಸ್ಟುಡಿಯೋದ ತಂಡ ನಾಲ್ಕು ವರ್ಷ ಕೆಲಸ ಮಾಡಿ 2009ರ ಸೆಪ್ಟೆಂಬರ್ 9ರಂದು ಇಡೀ ಸರಣಿಯನ್ನು ಹೊಸದಾಗಿ ಬಿಡುಗಡೆ ಮಾಡಿತು. ಆದರೆ ನಿಜವಾದ ತಿರುವು ಬಂದದ್ದು 2022ರಲ್ಲಿ, 1966ರ 'ರಿವಾಲ್ವರ್' ಮೂಲಕ. ನಾಲ್ಕೇ ಟ್ರ್ಯಾಕುಗಳ ಟೇಪಿನಲ್ಲಿ ಡ್ರಮ್ಮು, ಬೇಸು, ಗಿಟಾರು ಒಂದೇ ಟ್ರ್ಯಾಕಿನಲ್ಲಿ ಬೆರೆತು ಕೂತಿದ್ದವು. ಪೀಟರ್ ಜಾಕ್ಸನ್‌ನ ಸಾಕ್ಷ್ಯಚಿತ್ರಕ್ಕಾಗಿ ರೂಪಿಸಿದ ಯಂತ್ರಕಲಿಕೆಯ ತಂತ್ರಾಂಶ ಅವನ್ನು ಒಂದೊಂದಾಗಿ ಬಿಡಿಸಿತು, ಗೈಲ್ಸ್ ಮಾರ್ಟಿನ್ ಅದರಿಂದ ರೀಮಿಕ್ಸ್ ಮಾಡಿದ. ಮರುವರ್ಷ ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡೊಂದರಿಂದ ಪಿಯಾನೋ ಸದ್ದನ್ನು ಬೇರ್ಪಡಿಸಿ ಅವನ ದನಿಯನ್ನಷ್ಟೇ ಹೊರತೆಗೆದು 'ನೌ ಆ್ಯಂಡ್ ದೆನ್' ಬಂತು. ಕುದ್ದ ಸಾರಿನಿಂದ ಉಪ್ಪು ತೆಗೆಯಲಾಗದು ಎಂದೆನಲ್ಲ, ಆ ಮಾತು ಈಗ ಪೂರ್ತಿ ನಿಜವಲ್ಲ. ಬಿಡಿ ಟ್ರ್ಯಾಕುಗಳೇ ಉಳಿಯದ ಆಲ್ಬಮ್‌ಗಳಿಗೂ ಇದರಿಂದ ಆಸೆ ಹುಟ್ಟಿದೆ. ಆಸೆಯೊಂದಿಗೆ ನನ್ನ ಅಂಜಿಕೆಯನ್ನೂ ಹೇಳಿಬಿಡುತ್ತೇನೆ. ಯಂತ್ರ ಬಿಡಿಸಿಕೊಡುವ ದನಿಯಲ್ಲಿ ಎಷ್ಟು ಪಾಲು ಗಾಯಕನದು, ಎಷ್ಟು ಯಂತ್ರ ಊಹಿಸಿ ತುಂಬಿದ್ದು ಎಂಬುದನ್ನು ಕೇಳುಗ ತಿಳಿಯುವ ದಾರಿಯಿಲ್ಲ. ಬೀಟಲ್ಸ್‌ಗೆ ಸಿಕ್ಕಷ್ಟು ಎಚ್ಚರದ ಕೈ ಎಲ್ಲರಿಗೂ ಸಿಗುವುದಿಲ್ಲ.

ಇದೆಲ್ಲದರ ಅಡಿಪಾಯ ಟೇಪು. ಟೇಪು ಇಲ್ಲದಿದ್ದರೆ ಬೇಡಿಕೆ ಸಲ್ಲಿಸಿ ಫಲವಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ 1983ರ 'ಬಾರ್ನ್ ಅಗೇನ್' ಕೆಸರಿನಂತೆ ಕಲಸಿದ ಧ್ವನಿಗೆ ಹೆಸರಾದದ್ದು. ಅದರ ಮೂಲ ಟೇಪುಗಳು ಎಲ್ಲಿವೆ ಎಂಬುದೇ ಬಹುಕಾಲ ಗೊತ್ತಿರಲಿಲ್ಲ, ಹಾಗಾಗಿ ರೀಮಿಕ್ಸಿನ ಮಾತು ದಶಕಗಳ ಕಾಲ ಮಾತಾಗಿಯೇ ಉಳಿಯಿತು. 2008ರ ಜೂನ್ 1ರಂದು ಲಾಸ್ ಏಂಜಲೀಸ್ ಬಳಿಯ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿತ್ತು. ಸುಟ್ಟವುಗಳಲ್ಲಿ ಯೂನಿವರ್ಸಲ್ ಸಂಗೀತ ಕಂಪನಿಯ ಮಾಸ್ಟರ್ ಟೇಪುಗಳ ಉಗ್ರಾಣವೂ ಇತ್ತೆಂಬುದರ ಪೂರ್ತಿ ಕತೆ ಜನರಿಗೆ ತಿಳಿದದ್ದು ಹನ್ನೊಂದು ವರ್ಷದ ಬಳಿಕ, 2019ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಾಗ. ಸುಮಾರು 5 ಲಕ್ಷ ಹಾಡುಗಳು ಹೋದವೆಂದು ಕಂಪನಿಯದೇ ಒಳದಾಖಲೆಯ ಅಂದಾಜಿತ್ತು. ನಷ್ಟ ಅಷ್ಟಿಲ್ಲವೆಂದು ಕಂಪನಿ ವಾದಿಸಿತು. ಸಂಖ್ಯೆ ಎಷ್ಟೇ ಇರಲಿ, ಹೋದದ್ದು ಎರಡನೆಯ ಪ್ರತಿ ಇಲ್ಲದ ವಸ್ತು.

ಉಳಿದ ಟೇಪುಗಳೂ ಸುಖವಾಗಿಲ್ಲ. 1970 ಮತ್ತು 80ರ ದಶಕದ ಹಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಪುಡಿ ಕಿತ್ತು ಯಂತ್ರಕ್ಕೆ ಮೆತ್ತುತ್ತದೆ, ಪುಡಿಯೊಂದಿಗೆ ಹಾಡೂ ಹೋಗುತ್ತದೆ. ಅದಕ್ಕೆ ಟೇಪನ್ನು ಐವತ್ತು ಚಿಲ್ಲರೆ ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಸ್ವಲ್ಪ ದಿನ ಅದು ಓಡುವ ಸ್ಥಿತಿಗೆ ಬರುತ್ತದೆ, ಅಷ್ಟರಲ್ಲಿ ಪ್ರತಿ ತೆಗೆದುಕೊಳ್ಳಬೇಕು.

ಮೂಲ ಟೇಪಿನ ಮೇಲೆ ಕೇಳುಗರಿಗೆ ಇರುವ ಭಕ್ತಿ ಎಷ್ಟೆಂದರೆ, ಮೊಬೈಲ್ ಫಿಡಿಲಿಟಿ ಎಂಬ ಅಮೆರಿಕದ ಕಂಪನಿ ತನ್ನ ದುಬಾರಿ ಎಲ್‌ಪಿಗಳ ತಯಾರಿಕೆಯಲ್ಲಿ ನಡುವೆ ಡಿಜಿಟಲ್ ಹಂತ ಬಳಸುತ್ತಿತ್ತೆಂದು 2022ರಲ್ಲಿ ಹೊರಬಿದ್ದಾಗ ಮೊಕದ್ದಮೆಯೇ ನಡೆಯಿತು. ಧ್ವನಿ ಚೆನ್ನಾಗಿಲ್ಲವೆಂದು ಯಾರೂ ದೂರಲಿಲ್ಲ. ಹೇಳದೆ ಮಾಡಿದ್ದೇ ದೂರು. ಆ ಸಿಟ್ಟು ಸರಿಯಾದದ್ದೇ. ಯಾವ ಟೇಪಿನಿಂದ, ಯಾರು, ಯಾವಾಗ, ಏನು ಮಾಡಿದರು ಎಂಬುದನ್ನು ಹೊದಿಕೆಯ ಮೇಲೆ ಅಚ್ಚು ಹಾಕದ ಯಾವ ರೀಮಾಸ್ಟರನ್ನೂ ನಂಬಬೇಕಿಲ್ಲ.

ಈ ಪ್ರಶ್ನೆ ನಮ್ಮ ಹೊಸ್ತಿಲಿಗೂ ಬಂದಿದೆ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಮುಂತಾದವರು ಹಾಡಿದ ದಿನಗಳಿಂದ ಭಾರತದಲ್ಲಿ ಗ್ರಾಮಫೋನ್ ಪ್ಲೇಟುಗಳ ಚರಿತ್ರೆ ಇದೆ. 78 ಎಂದು ಕರೆದರೂ ಆ ಕಾಲದ ಪ್ಲೇಟುಗಳು ಖಚಿತವಾಗಿ ನಿಮಿಷಕ್ಕೆ 78 ಸುತ್ತಿನವೇ ಆಗಿರಲಿಲ್ಲ, ಕಂಪನಿಯಿಂದ ಕಂಪನಿಗೆ, ದಿನದಿಂದ ದಿನಕ್ಕೆ ವೇಗ ಬದಲಾಗುತ್ತಿತ್ತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಆರಂಭದ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಆಗ ಅವರದು ಎಳೆಯ, ಏರುದನಿ. ಗಂಟಲಿನ ಚಿಕಿತ್ಸೆಯ ಬಳಿಕ ಜಗತ್ತು ಕೇಳಿದ್ದು ಆ ಗಂಭೀರ ಗಡಸು ದನಿಯನ್ನು. ಆ ಹಳೆಯ ಪ್ಲೇಟನ್ನು ತಪ್ಪು ವೇಗದಲ್ಲಿ ಓಡಿಸಿ ಡಿಜಿಟಲ್‌ಗೆ ಇಳಿಸಿದರೆ ಅವರ ಎಳೆಯ ದನಿ ನಿಜಕ್ಕೂ ಹೇಗಿತ್ತೆಂಬುದೇ ನಮಗೆ ಸುಳ್ಳಾಗುತ್ತದೆ. ಅಲ್ಲಿ ಬೇಕಾದದ್ದು ಗೊರಗೊರ ಸದ್ದು ಅಳಿಸುವ ತಂತ್ರಾಂಶಕ್ಕಿಂತ ಮೊದಲು, ಶ್ರುತಿ ಬಲ್ಲ ಒಂದು ಕಿವಿ.

ಮೂಲವನ್ನು ಗೌರವಿಸದ 'ಸುಧಾರಣೆ'ಯೂ ನಮ್ಮಲ್ಲಿ ನಡೆದಿದೆ. ಹಳೆಯ ಚಿತ್ರಗೀತೆಗಳಿಗೆ ಹೊಸ ತಾಳದ ಬಡಿತ ಹೇರಿ 'ಝಂಕಾರ್ ಬೀಟ್ಸ್' ಹೆಸರಿನಲ್ಲಿ ಮಾರಿದ ಕ್ಯಾಸೆಟ್ಟುಗಳನ್ನು ಬಸ್ಸುಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಒಂದು ಇಡೀ ತಲೆಮಾರು ಕೆಲವು ಹಾಡುಗಳನ್ನು ಆ ಬಡಿತದೊಂದಿಗೇ ನೆನಪಿಟ್ಟುಕೊಂಡಿದೆ. ರಾಜ್‌ಕುಮಾರ್ ಅಭಿನಯದ 1971ರ 'ಕಸ್ತೂರಿ ನಿವಾಸ' ಬಣ್ಣ ತುಂಬಿಕೊಂಡು 2014ರಲ್ಲಿ ಮತ್ತೆ ತೆರೆಗೆ ಬಂದಾಗ ಜನ ಪ್ರೀತಿಯಿಂದ ನೋಡಿದರು. ಕಪ್ಪು ಬಿಳುಪಿನ ಪ್ರತಿಯೂ ಉಳಿದಿರುವುದರಿಂದ ಅದರಲ್ಲಿ ನನಗೆ ತಕರಾರಿಲ್ಲ. ಹಾಡಿಗೂ ಇದೇ ನಿಯಮ ಸಲ್ಲಬೇಕು.

ಈಗ ನಮ್ಮ ಸರದಿಯ ಪಟ್ಟಿ. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದರದು. ಅದರ ಹಿಂದೆಯೇ ಭಾವಗೀತೆಗಳ, ಸಿ. ಅಶ್ವತ್ಥ್ ಹಾಡಿದ ಶರೀಫರ ತತ್ವಪದಗಳ, ವಚನಗಳ ಧ್ವನಿಸುರುಳಿಗಳು ಮನೆಮನೆಗೆ ಬಂದವು. ಒಂದು ಭಾಷೆಯ ಕವಿತೆ ಇಷ್ಟು ಜನರ ಬಾಯಲ್ಲಿ ಕೂತದ್ದು ಆ ಪ್ಲಾಸ್ಟಿಕ್ ಡಬ್ಬಿಗಳಿಂದ. ಇವತ್ತು ಫೋನಿನಲ್ಲಿ ಸಿಗುವ ಅವುಗಳ ಪ್ರತಿಗಳಲ್ಲಿ ಎಷ್ಟೋ ಕಡೆ ಸುರುಳಿಯ ಸುಯ್ಯೆನ್ನುವ ಸದ್ದಿದೆ, ಕೆಲವು ಕಡೆ ಶ್ರುತಿ ಅಲುಗುತ್ತದೆ, ಯಾವ ಟೇಪಿನಿಂದ ತೆಗೆದದ್ದೆಂಬ ಒಂದು ಸಾಲೂ ಇಲ್ಲ. ಶೇಕಡ 3ರಷ್ಟು ವೇಗ ಹೆಚ್ಚಾದರೆ ಸಾಕು, ಹಾಡು ಸರಿಯಾಗಿ ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಬೀಳುತ್ತದೆ. ಅಕ್ಕನ ಕ್ಯಾಸೆಟ್ಟಿಗೆ ಆಗಿದ್ದದ್ದು ಇಷ್ಟೇ. ಕೆಲವು ಟೇಪುಗಳಲ್ಲಿ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಹಿನ್ನೆಲೆಯಲ್ಲಿ ದಾಖಲಾಗಿರುತ್ತದೆ, ಅದನ್ನು ಅಳೆದು ವೇಗವನ್ನು ಅಂದಾಜು ಮಾಡಬಹುದು. ನಮ್ಮ ವಿದ್ಯುತ್ತೇ ಏರಿಳಿಯುತ್ತಿತ್ತಾದ್ದರಿಂದ ಅದನ್ನೊಂದೇ ನೆಚ್ಚುವಂತಿಲ್ಲ. ಅಂದು ಜೊತೆಗೆ ನುಡಿಸಿದ ವಾದ್ಯಗಾರರು ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಶ್ರುತಿಯಲ್ಲಿ ನುಡಿಸಿದೆವೆಂದು ಅವರು ಹೇಳಬಲ್ಲರು. ಅವರನ್ನು ಕೇಳಲು ಉಳಿದಿರುವ ಸಮಯ ಬಹಳವಿಲ್ಲ.

ಆದ್ದರಿಂದ ಹಕ್ಕು ಹೊಂದಿರುವ ಕಂಪನಿಗಳಲ್ಲಿ ನನ್ನ ಕೋರಿಕೆ: ಮೂಲ ಟೇಪು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಮೊದಲು ಮಾಡಿ, ಅದನ್ನು ಪ್ರಕಟಿಸಿ. ಹೊಸ ಮಾಸ್ಟರ್ ತಂದರೆ ಹಳೆಯದನ್ನು ತೆಗೆದುಹಾಕಬೇಡಿ. ಓದುಗರಲ್ಲಿಯೂ ಒಂದು ಕೋರಿಕೆ ಇದೆ. ನಿಮ್ಮ ಅಟ್ಟದ ಮೇಲೆ ಮೊದಲ ಮುದ್ರಣದ ಧ್ವನಿಸುರುಳಿಗಳು, ಊರ ಕಛೇರಿಯಲ್ಲಿ ಯಾರೋ ಮುದ್ರಿಸಿಕೊಂಡ ಕ್ಯಾಸೆಟ್ಟುಗಳು ಇದ್ದರೆ ಗುಜರಿಗೆ ಹಾಕಬೇಡಿ. ತೇವ ಮತ್ತು ಬಿಸಿಲಿನಿಂದ ದೂರ, ನೆಟ್ಟಗೆ ನಿಲ್ಲಿಸಿಡಿ. ಎಲ್ಲಿ, ಯಾವಾಗ, ಯಾರು ಹಾಡಿದ್ದೆಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಿ. ಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟಾದರೆ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಗ ಅದರ ಮೇಲೆ ಯಾರೂ ತಪ್ಪಿ ಬೇರೇನನ್ನೂ ಮುದ್ರಿಸಲಾಗುವುದಿಲ್ಲ.